ಐದು ಕಸುಬಿನ ಸಂಘ ಸೇರಿ ಒಂದು ಒಕ್ಕೂಟ ಮಾಡಿದರೆ ಸಣ್ಣ ಸಂಘದ ಗತಿ ಏನು?

ಬಣ್ಣದ ಬಕೆಟ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಹಳೇ ಹುಬ್ಬಳ್ಳಿಯವನು. ಪೇಂಟಿಂಗ್ ಕೆಲಸಕ್ಕೆ ಬಂದು 22 ವರ್ಷ ಆಯಿತು. ಹೋದ ವರ್ಷದಿಂದ ನಮ್ಮ ಪೇಂಟರ್ ಸಂಘಕ್ಕೆ ನಾನೇ ಕಾರ್ಯದರ್ಶಿ. ಆರಿಸಿ ಬಂದೆ ಅಂತೇನಲ್ಲ, ಲೆಕ್ಕ ಬರೆಯಲಿಕ್ಕೆ ಯಾರೂ ಒಪ್ಪಲಿಲ್ಲ, ಪುಸ್ತಕ ನನ್ನ ಕೈಗೆ ಬಂತು. ವರ್ಗಣಿ ಕಟ್ಟುವ ಮೆಂಬರು 140 ಮಂದಿ.

ಈಗ ಗೌಂಡಿಗಳ ಸಂಘದವರು ನಮ್ಮನ್ನು ಕರೆದಿದ್ದಾರೆ. ಅವರದು 900 ಮಂದಿ ಅನ್ನುತ್ತಾರೆ. ಸೆಂಟ್ರಿಂಗ್ ಮತ್ತು ಬಾರ್ ಬೆಂಡಿಂಗ್‌ನವರು 350, ಟೈಲ್ಸ್-ಫರಸಿಯವರು 110, ಪ್ಲಂಬಿಂಗ್-ವೈರಿಂಗ್ ಸೇರಿ 90. ಈ ಐದೂ ಸಂಘ ಕೂಡಿ ಒಂದು ಒಕ್ಕೂಟ ಮಾಡೋಣ, ಮೊದಲು ಹುಬ್ಬಳ್ಳಿ-ಧಾರವಾಡ, ಆಮೇಲೆ ಗದಗ, ಹಾವೇರಿಯವರನ್ನೂ ಸೇರಿಸೋಣ ಅಂತ ಅವರ ವಿಚಾರ. 11 ಪುಟದ ಕರಡು ನಿಯಮಾವಳಿ ಕೊಟ್ಟಿದ್ದಾರೆ.

ಮಾತು ಚೆನ್ನಾಗಿಯೇ ಇದೆ. ಒಂದೇ ಸೈಟಿನಲ್ಲಿ ಐದೂ ಕಸುಬಿನವರು ಇರುತ್ತೇವೆ, ಆದರೆ ಒಬ್ಬೊಬ್ಬರೇ ಹೋಗಿ ರೊಕ್ಕ ಕೇಳಿದರೆ ಚಹಾ ಕುಡಿಸಿ ಕಳಿಸುತ್ತಾರೆ, ಅಷ್ಟೇ. ಹೋದ ದೀಪಾವಳಿಗೆ ಮುಂಚೆ ನಮ್ಮ ಎಂಟು ಹುಡುಗರ ಆರು ವಾರದ ಬಟವಾಡೆ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ನಿಂತುಹೋಯಿತು. ಅರ್ಧ ಬಂದಿದೆ, ಇನ್ನರ್ಧಕ್ಕೆ ಇನ್ನೂ ಅಲೆಯುತ್ತಿದ್ದೇವೆ. ನಾವು ಬಣ್ಣದವರು ಸೈಟಿಗೆ ಕೊನೆಗೆ ಬರುವವರು. ನಾವು ಕೆಲಸ ಬಿಟ್ಟರೆ ಏನು ನಿಲ್ಲುತ್ತದೆ ಹೇಳಿ? ಗೋಡೆ ನಾಲ್ಕು ದಿನ ಬಿಳಿ ಇರುತ್ತದೆ. ಅದೇ ಸ್ಲ್ಯಾಬ್ ಹಾಕುವ ಹಿಂದಿನ ದಿನ ಸೆಂಟ್ರಿಂಗ್‌ನವರು ಕೈ ಕಟ್ಟಿ ಕೂತರೆ ಇಡೀ ಬಿಲ್ಡಿಂಗೇ ನಿಲ್ಲುತ್ತದೆ. ಹಾಗಾಗಿ ಒಕ್ಕೂಟ ಅವರಿಗಿಂತ ನಮಗೇ ಜಾಸ್ತಿ ಬೇಕು, ಅದು ನನಗೂ ಗೊತ್ತು.

ಆದರೆ ಹೆದರಿಕೆ ಬೇರೆ. 900ರ ಮುಂದೆ 140 ಎಲ್ಲಿ ಕಾಣಬೇಕು? ಇಂಥ ಪ್ರಾದೇಶಿಕ ಒಕ್ಕೂಟಗಳು ನಿಜವಾಗಿ ಹೇಗೆ ನಡೆಯುತ್ತವೆ? ನಮ್ಮ ಸಂಘ ಮುಚ್ಚಬೇಕಾ, ಇರುತ್ತದಾ? ಪ್ರತಿನಿಧಿ ಎಷ್ಟು ಮಂದಿ, ಯಾವ ಲೆಕ್ಕದ ಮೇಲೆ? ರೊಕ್ಕ ಯಾರ ಕೈಯಲ್ಲಿ? ನೋಡಿದವರು, ಮಾಡಿದವರು ಇದ್ದರೆ ಹೇಳಿ. ಮುಂದಿನ ಅಮಾವಾಸ್ಯೆಗೆ ಸಭೆ ಇದೆ, ಅಷ್ಟರಲ್ಲಿ ಉತ್ತರ ಹೇಳಬೇಕು.

ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ತಮ್ಮಾ, ಪ್ರಶ್ನೆ ಸರಿಯಾಗಿ ಕೇಳಿದ್ದೀರಿ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ಇದ್ದವನು, ಯೂನಿಯನ್ ಕೆಲಸ ಅದರಲ್ಲಿ 20 ವರ್ಷ. ಕಟ್ಟಡದ ಕೆಲಸ ನನಗೆ ಗೊತ್ತಿಲ್ಲ, ಕಮಿಟಿ ಅಂದರೆ ಏನು ಅಂತ ಗೊತ್ತು.

ಮೊದಲು ಕಾನೂನು. ಒಕ್ಕೂಟ ಮಾಡಲಿಕ್ಕೆ ನಿಮ್ಮ ಸಂಘ ಮುಚ್ಚಬೇಕಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲೇ 'ಟ್ರೇಡ್ ಯೂನಿಯನ್' ಅನ್ನುವ ಪದದ ಅರ್ಥದೊಳಗೆ ಎರಡು ಅಥವಾ ಹೆಚ್ಚು ಯೂನಿಯನ್‌ಗಳ ಒಕ್ಕೂಟವೂ ಸೇರಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, ಅದರಲ್ಲೂ ಇದೇ ಮಾತು ಇದೆ. ಅಂದರೆ ನಿಮ್ಮ ಐದೂ ಸಂಘ ತಮ್ಮ ನೋಂದಣಿ, ತಮ್ಮ ಖಾತೆ, ತಮ್ಮ ಕಮಿಟಿ ಇಟ್ಟುಕೊಂಡೇ ಮೇಲೆ ಇನ್ನೊಂದು ಮನೆ ಕಟ್ಟಬಹುದು. ಕೆಳಗಿನ ಐದು ಮನೆ ಕೆಡವಿ ಒಂದೇ ದೊಡ್ಡ ಮನೆ ಕಟ್ಟುವುದು ಬೇರೆ ಕೆಲಸ, ಅದಕ್ಕೆ ವಿಲೀನ ಅನ್ನುತ್ತಾರೆ. ವಿಲೀನ ಆಗಬೇಕಾದರೆ ಪ್ರತಿ ಸಂಘದಲ್ಲೂ ಮತದ ಹಕ್ಕು ಇರುವವರಲ್ಲಿ ಕನಿಷ್ಠ ಅರ್ಧ ಮಂದಿ ಮತ ಹಾಕಬೇಕು, ಹಾಕಿದ ಮತದಲ್ಲಿ ನೂರಕ್ಕೆ 60 ಒಪ್ಪಿಗೆ ಇರಬೇಕು. ಸುಮ್ನೆ ನಾಲ್ಕು ಮಂದಿ ಕಾರ್ಯದರ್ಶಿಗಳು ಸಹಿ ಹಾಕಿದರೆ ಆಗುವುದಿಲ್ಲ.

ನಮ್ಮ ರೈಲ್ವೆಯಲ್ಲಿ ಕ್ರಮ ಸರಳ. ಕೆಳಗೆ ಬ್ರಾಂಚ್, ಅದರ ಮೇಲೆ ಡಿವಿಜನ್, ಅದರ ಮೇಲೆ ಝೋನ್, ಅದರ ಮೇಲೆ ದೆಹಲಿಯ ಫೆಡರೇಷನ್. ನೈಋತ್ಯ ರೈಲ್ವೆ 2003ರಲ್ಲಿ ಆಗಿ ಹುಬ್ಬಳ್ಳಿಗೆ ಹೆಡ್ ಆಫೀಸ್ ಬಂದಾಗ ನಾವು ಯೂನಿಯನ್‌ನವರೂ ಅದಕ್ಕೆ ತಕ್ಕಂತೆ ನಮ್ಮ ಕಮಿಟಿಗಳನ್ನು ಕೂಡಿಸಿಕೊಂಡೆವು. ಮಾಲೀಕ ಹೇಗೆ ಕೂತಿದ್ದಾನೋ ಯೂನಿಯನ್ನೂ ಹಾಗೆ ಕೂರಬೇಕು, ಇಲ್ಲದಿದ್ದರೆ ಮಾತಾಡಲಿಕ್ಕೆ ಎದುರಿಗೆ ಯಾರೂ ಸಿಗುವುದಿಲ್ಲ. ನಿಮ್ಮ ಕಷ್ಟ ಏನಪ್ಪಾ ಅಂದರೆ ನಮಗೆ ಒಬ್ಬನೇ ಮಾಲೀಕ, ಪಗಾರ ಒಂದನೇ ತಾರೀಖಿಗೆ. ನಿಮಗೆ ಮೂರು ತಿಂಗಳಿಗೊಬ್ಬ ಮಾಲೀಕ. ಹಾಗಾಗಿ ನಿಮ್ಮ ಒಕ್ಕೂಟ ಕಂಪನಿಯ ಪ್ರಕಾರ ಕೂರಲಿಕ್ಕೆ ಆಗದು, ಊರಿನ ಪ್ರಕಾರ, ಸೈಟಿನ ಪ್ರಕಾರ ಕೂರಬೇಕು.

ಇನ್ನೊಂದೇ ಪ್ರಶ್ನೆ. ಆ 11 ಪುಟದಲ್ಲಿ ಪಾವತಿ ಪುಸ್ತಕ, ಅಂದರೆ ರಸೀದಿ ಪುಸ್ತಕ, ಯಾರ ಹೆಸರಲ್ಲಿ ಇರುತ್ತದೆ ಅಂತ ಬರೆದಿದ್ದಾರೆ? ಮೆಂಬರಿಗೆ ವರ್ಗಣಿ ಪಾವತಿ ಹರಿದು ಕೊಡುವುದು ನಿಮ್ಮ ಸಂಘವೋ, ಒಕ್ಕೂಟವೋ? ಅದನ್ನು ನೋಡಿ ಹೇಳಿ. ಉಳಿದ ಹತ್ತು ಪುಟ ಆಮೇಲೆ ಓದೋಣ.

ಗದಗಿನ ಮೇಸ್ತ್ರಿ

ಕಾಕಾ ಹೇಳಿದ್ದು ಖರೆ. ಆದರೆ ಕಾಗದದ ಮೇಲೆ ಎಲ್ಲ ಚೆಂದ ಇರುತ್ತದೆ. ನಮ್ಮ ಕಡೆ ಒಂದು ಸಲ ಇದನ್ನು ಮಾಡಿ ಕೈ ಸುಟ್ಟುಕೊಂಡಿದ್ದೇವೆ, ಹೆಸರು ಬೇಡ, ಎಲ್ಲರೂ ಇನ್ನೂ ಒಂದೇ ಊರಿನಲ್ಲಿ ಇದ್ದೇವೆ.

ಮೂರು ಸಂಘ ಸೇರಿದ್ದೆವು. ಉದ್ಘಾಟನೆ ಭರ್ಜರಿ, ಪೆಂಡಾಲು, ಮೈಕು, ಹಾರ, ಬಂದವರಿಗೆಲ್ಲ ಊಟ. ಎಂಟು ತಿಂಗಳಿಗೆ ಒಕ್ಕೂಟ ಮುಗಿಯಿತು. ರೊಕ್ಕ ತಿಂದರು ಅಂತ ಜನ ಆಡಿಕೊಂಡರು. ನಿಜ ಹೇಳಬೇಕೆಂದರೆ ತಿಂದಿದ್ದು ಕಡಿಮೆ, ಲೆಕ್ಕ ಇಡದೇ ಕಳೆದಿದ್ದು ಜಾಸ್ತಿ. ಬ್ಯಾಂಕಿನಲ್ಲಿ ಒಬ್ಬರದೇ ಸಹಿ ಇತ್ತು, ಎರಡನೇ ಸಹಿ ಬೇಕು ಅಂತ ಕೇಳಿದವನನ್ನು 'ನಂಬಿಕೆ ಇಲ್ಲವಾ' ಅಂತ ಬಾಯಿ ಮುಚ್ಚಿಸಿದರು. ಆ ಕೇಳಿದವನು ನಾನೇ.

ಆದರೆ ಒಡೆದಿದ್ದು ರೊಕ್ಕಕ್ಕಲ್ಲ. ಸೆಂಟ್ರಿಂಗ್‌ನವರು ಪಗಾರ ಏರಿಸಿ ಅಂತ ಕೆಲಸ ನಿಲ್ಲಿಸಿದರು. ನಾವು ಗೌಂಡಿಗಳು ಪಕ್ಕದಲ್ಲೇ ಇಟ್ಟಿಗೆ ಕಟ್ಟುತ್ತಾ ಇದ್ದೆವು. ಯಾಕೆ ಅಂದರೆ ನಮಗೆ ಯಾರೂ ಹೇಳಿರಲಿಲ್ಲ. ಒಕ್ಕೂಟ ಅಂತ ಇತ್ತು, ಆದರೆ ಒಂದು ಕಸುಬಿನವರು ಕೆಲಸ ನಿಲ್ಲಿಸುವ ಮುಂಚೆ ಉಳಿದವರಿಗೆ ಎಷ್ಟು ದಿನ ಮೊದಲು ತಿಳಿಸಬೇಕು, ತಿಳಿಸಿದ ಮೇಲೆ ಉಳಿದವರು ಏನು ಮಾಡಬೇಕು, ಇದನ್ನು ಯಾರೂ ಬರೆದಿರಲಿಲ್ಲ. ಮೂರನೇ ದಿನ ಅವರು ಬಂದು ನಮ್ಮ ಮೇಲೇ ಜಗಳ ತೆಗೆದರು. ಗುತ್ತಿಗೆದಾರ ದೂರದಲ್ಲಿ ನಿಂತು ನೋಡುತ್ತಿದ್ದ. ಆವತ್ತೇ ಮುಗಿಯಿತು.

ಇನ್ನೂ ಒಂದು. ನಮ್ಮ ಕಡೆ ಸಂಘ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಟ್ರೇಡ್ ಯೂನಿಯನ್ ಅಲ್ಲ. ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಆದವು, ಯುವಕ ಮಂಡಳ ಆದ ಹಾಗೆ. ಕೆಲವು ಸಹಕಾರಿ. ಸಹಕಾರಿ ಅಂದರೆ ನಮಗೆ ಅಭಿಮಾನ, ನಮ್ಮ ಜಿಲ್ಲೆಯ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಪಾಟೀಲರು ಶುರು ಮಾಡಿದ್ದು, ಆದರೆ ಸಾಲ ಕೊಡುವ ಸಂಘ ಬೇರೆ, ಕೂಲಿ ಕೇಳುವ ಸಂಘ ಬೇರೆ. ಐದೂ ಸಂಘದ ಸರ್ಟಿಫಿಕೇಟ್ ತರಿಸಿ ಒಂದು ಮೇಜಿನ ಮೇಲೆ ಇಡಿಸಿ. ಯಾರದು ಯಾವ ಕಾಯ್ದೆಯಲ್ಲಿ ಆಗಿದೆ ನೋಡಿ. ನಮ್ಮ ಮೂರರಲ್ಲಿ ಒಂದು ಟ್ರೇಡ್ ಯೂನಿಯನ್ನೇ ಆಗಿರಲಿಲ್ಲ. ಒಡೆದ ಮೇಲೆ ಗೊತ್ತಾಯಿತು.

ಬಣ್ಣದ ಬಕೆಟ್, ಹುಬ್ಬಳ್ಳಿ

ಕಾಕಾ, ನೋಡಿದೆ. ಕಲಂ 9. 'ಎಲ್ಲ ಕಸುಬಿನ ಸದಸ್ಯರ ವರ್ಗಣಿಯನ್ನು ಒಕ್ಕೂಟದ ಪಾವತಿಯ ಮೇಲೆ ಸಂಗ್ರಹಿಸಿ, ಅದರಲ್ಲಿ ಒಂದು ಪಾಲನ್ನು ಆಯಾ ಘಟಕಕ್ಕೆ ಕೊಡತಕ್ಕದ್ದು' ಅಂತ ಇದೆ. ನಮ್ಮನ್ನು 'ಸಂಘ' ಅಂತ ಬರೆದಿಲ್ಲ, ಎಲ್ಲ ಕಡೆ 'ಘಟಕ' ಅಂತಲೇ ಇದೆ. ಮೊದಲ ಸಲ ಓದುವಾಗ ನನ್ನ ಗಮನಕ್ಕೇ ಬಂದಿರಲಿಲ್ಲ.

ಪ್ರತಿನಿಧಿ ಲೆಕ್ಕ ಕಲಂ 14ರಲ್ಲಿ ಇದೆ, 50 ಸದಸ್ಯರಿಗೆ ಒಬ್ಬ.

ಗದಗಿನ ಅಣ್ಣಾರೇ, ನಮ್ಮ ಸರ್ಟಿಫಿಕೇಟ್ ಟ್ರೇಡ್ ಯೂನಿಯನ್ ಕಾಯ್ದೆಯದೇ. ಉಳಿದವರದು ಕೇಳುತ್ತೇನೆ.

ಸೇಫ್ಟಿ ಹೆಲ್ಮೆಟ್

ನಾನು ಧಾರವಾಡ ಸಪ್ತಾಪುರದ ಕಡೆಯವನು, ಸಿವಿಲ್ ಓದಿ ಈಗ ಅಮೆರಿಕದಲ್ಲಿ ಸೈಟಿನಲ್ಲಿ ಕೆಲಸ. ಇಲ್ಲಿ ದಿನಾ ಈ ಕೌನ್ಸಿಲ್‌ಗಳ ಜೊತೆಗೇ ಏಗುವುದು, ಮ್ಯಾನೇಜ್‌ಮೆಂಟ್ ಕಡೆಯಿಂದ. ಅದಕ್ಕೆ ಹೇಳಬಹುದು ಅನಿಸಿತು.

ಇಲ್ಲಿ 'ಪ್ರಾದೇಶಿಕ ಕೌನ್ಸಿಲ್' ಅಂದರೆ ಎರಡು ಬೇರೆ ಬೇರೆ ಸಂಗತಿ. ನಿಮ್ಮ ಕರಡು ಬರೆದವರು ಎರಡನ್ನೂ ಕಲಸಿಬಿಟ್ಟಿದ್ದಾರೆ ಅನಿಸುತ್ತದೆ, ಬೇಕಂತಲೋ ಗೊತ್ತಿಲ್ಲದೆಯೋ.

ಮೊದಲನೆಯದು ಬಿಲ್ಡಿಂಗ್ ಟ್ರೇಡ್ಸ್ ಕೌನ್ಸಿಲ್. ಇದರಲ್ಲಿ ಬೇರೆ ಬೇರೆ ಕಸುಬಿನ ಯೂನಿಯನ್‌ಗಳು ಸೇರುತ್ತವೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಇಟ್ಟಿಗೆ ಕೆಲಸದವರು, ಕಬ್ಬಿಣದ ಕೆಲಸದವರು, ಪೇಂಟರ್, ಚಾವಣಿಯವರು, ಲಿಫ್ಟ್ ಕೂರಿಸುವವರು, ಯಂತ್ರ ಓಡಿಸುವವರು, ಸಾಮಾನು ಹೊರುವ ಲೇಬರ್, ಹೀಗೆ. 1908ರಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಲೇಬರ್‌ನ ಒಳಗೆ ಇವರಿಗೇ ಅಂತ ಒಂದು ವಿಭಾಗ ಆಯಿತು. ಅದೇ ಈಗ ನಾರ್ತ್ ಅಮೆರಿಕಾಸ್ ಬಿಲ್ಡಿಂಗ್ ಟ್ರೇಡ್ಸ್ ಯೂನಿಯನ್ಸ್, 14 ಯೂನಿಯನ್‌ಗಳ ಕೂಟ. ಅದರ ಸನ್ನದು ಪಡೆದು ರಾಜ್ಯಕ್ಕೊಂದು, ಊರುಗಳ ಗುಂಪಿಗೊಂದು ಅಂತ ಅಮೆರಿಕ, ಕೆನಡಾ ಸೇರಿ ಮುನ್ನೂರಕ್ಕೂ ಹೆಚ್ಚು ಕೌನ್ಸಿಲ್ ಇವೆ. ಈ ಕೌನ್ಸಿಲ್‌ಗೆ ಯಾವ ಕೆಲಸಗಾರನೂ ನೇರವಾಗಿ ಮೆಂಬರ್ ಅಲ್ಲ. ಮೆಂಬರ್ ಆಗುವುದು ಆ ಊರಿನ ಯೂನಿಯನ್. ಅದು ತನ್ನ ಪ್ರತಿನಿಧಿಗಳನ್ನು ಕಳಿಸುತ್ತದೆ, ತಲೆಗೆ ಇಷ್ಟು ಅಂತ ಪ್ರತಿ ತಿಂಗಳು ಕೌನ್ಸಿಲ್‌ಗೆ ಕಟ್ಟುತ್ತದೆ. ಪೇಂಟರ್‌ನ ಕೂಲಿ ಪೇಂಟರ್ ಯೂನಿಯನ್ನೇ ಮಾತಾಡುತ್ತದೆ, ಕೌನ್ಸಿಲ್ ಅದರಲ್ಲಿ ಬಾಯಿ ಹಾಕುವುದಿಲ್ಲ.

ಹಾಗಾದರೆ ಕೌನ್ಸಿಲ್ ಏನು ಮಾಡುತ್ತದೆ? ದೊಡ್ಡ ಪ್ರಾಜೆಕ್ಟ್ ಬಂದಾಗ, ಒಂದು ಸೇತುವೆಯೋ ಆಸ್ಪತ್ರೆಯೋ ಅನ್ನಿ, ಪಾಯ ತೋಡುವ ಮುಂಚೆಯೇ ಎಲ್ಲ ಕಸುಬಿನ ಪರವಾಗಿ ಒಂದೇ ಕರಾರು ಮಾಡಿಕೊಳ್ಳುತ್ತದೆ. ಕೆಲಸದ ಗಂಟೆ, ಪಗಾರ, ತಕರಾರು ಬಂದರೆ ಯಾರ ಹತ್ತಿರ ಹೋಗುವುದು, ಎಲ್ಲ ಅದರಲ್ಲಿ. ಅದಕ್ಕೆ ಬದಲಾಗಿ ಯೂನಿಯನ್‌ಗಳು ಆ ಪ್ರಾಜೆಕ್ಟ್ ಮುಗಿಯುವ ತನಕ ಮುಷ್ಕರ ಮಾಡುವುದಿಲ್ಲ ಅಂತ ಒಪ್ಪುತ್ತವೆ. ಇನ್ನೊಂದು ಕೆಲಸ, ಒಳಜಗಳ ಬಿಡಿಸುವುದು. ಈ ಪೈಪು ಹಾಕುವುದು ಯಾರ ಕೆಲಸ, ಈ ತಗಡು ಯಾರು ಕೂರಿಸಬೇಕು ಅಂತ ಕಸುಬು ಕಸುಬಿನ ನಡುವೆ ಜಗಳ ಇಲ್ಲಿ ನೂರು ವರ್ಷದಿಂದ ಇದೆ. ನಿಮ್ಮಲ್ಲೂ ಇರುತ್ತದೆ ಅಲ್ವಾ, ಪುಟ್ಟಿ ಹಚ್ಚುವುದು ಪೇಂಟರೋ ಪಿಒಪಿಯವರೋ ಅಂತ?

ಎರಡನೇ ರೀತಿ ಬಡಗಿಗಳದು. ಅವರು 2001ರಲ್ಲಿ ಆ ದೊಡ್ಡ ಕೂಟದಿಂದ ಹೊರಗೆ ಹೋದರು. ಅವರದೇ ಪ್ರಾದೇಶಿಕ ಕೌನ್ಸಿಲ್ ಇದೆ, ಆದರೆ ಅದು ಒಂದೇ ಕಸುಬಿನ ಊರೂರಿನ ಶಾಖೆಗಳನ್ನು ಸೇರಿಸಿದ್ದು. ಅಲ್ಲಿ ಕರಾರು ಮಾಡುವುದು, ಪೂರ್ಣಕಾಲಿಕ ನೌಕರರನ್ನು ಇಟ್ಟುಕೊಳ್ಳುವುದು ಎಲ್ಲ ಕೌನ್ಸಿಲ್ ಕೈಯಲ್ಲಿ. ಮೆಂಬರುಗಳು ಪ್ರತಿನಿಧಿಗಳನ್ನು ಆರಿಸುತ್ತಾರೆ, ಪ್ರತಿನಿಧಿಗಳು ಮೇಲಿನ ಮುಖ್ಯಸ್ಥನನ್ನು ಆರಿಸುತ್ತಾರೆ. ಕೆಲಸ ಚುರುಕಾಗಿ ಆಗುತ್ತದೆ ಅಂತ ಅವರು ಹೇಳುತ್ತಾರೆ, ಊರಿನ ಶಾಖೆಗೆ ಕಿಮ್ಮತ್ತು ಉಳಿಯಲಿಲ್ಲ ಅಂತ ಮೆಂಬರುಗಳೇ ಗೊಣಗುವುದನ್ನೂ ಕೇಳಿದ್ದೇನೆ.

ನಿಮಗೆ ಬಾಯಲ್ಲಿ ಹೇಳುತ್ತಿರುವುದು ಮೊದಲನೆಯದು. ಕಲಂ 9ರಲ್ಲಿ ಬರೆದಿರುವುದು ಎರಡನೆಯದು.

ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ಅದೇ ನಾನು ಹುಡುಕುತ್ತಿದ್ದದ್ದು. ಪಾವತಿ ಯಾರದೋ ಮೆಂಬರು ಅವರವನು. ಎರಡು ವರ್ಷ ಒಕ್ಕೂಟದ ಪಾವತಿ ಹರಿದ ಮೇಲೆ ನಿಮ್ಮ 140 ಮಂದಿ ನಿಮ್ಮವರಲ್ಲ, ನಿಮ್ಮ ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಲಿಕ್ಕೆ ಮೆಂಬರೇ ಇರುವುದಿಲ್ಲ. ಪ್ರತಿ ವರ್ಷ ಡಿಸೆಂಬರ್ 31ರ ತನಕದ ಲೆಕ್ಕವನ್ನು ಆಡಿಟ್ ಮಾಡಿಸಿ ರಿಜಿಸ್ಟ್ರಾರ್‌ಗೆ ಕೊಡುತ್ತಾ ಬಂದಿದ್ದೀರಲ್ಲ, ಅದು ಖಾಲಿ ಹೋದರೆ ನೋಂದಣಿಗೇ ಕುತ್ತು. ವಿಲೀನಕ್ಕೆ ಮತ ಬೇಕು ಅಂತ ಹೇಳಿದೆನಲ್ಲ, ಇದು ಮತ ಕೇಳದೇ ಮಾಡುವ ವಿಲೀನ. ಅವರು ಕೆಟ್ಟ ಮನಸ್ಸಿನಿಂದ ಬರೆದಿದ್ದಾರೆ ಅಂತ ನಾನು ಹೇಳುವುದಿಲ್ಲ. ಎಲ್ಲಿಂದಲೋ ಯಾವುದೋ ಒಂದೇ ಸಂಘದ ನಿಯಮಾವಳಿ ತಂದು ಹೆಸರು ಬದಲಿಸಿದ್ದಾರೆ ಅನಿಸುತ್ತದೆ, 'ಘಟಕ' ಅನ್ನುವ ಪದವೇ ಸಾಕ್ಷಿ.

ಈಗ ಕಲಂ 14ಕ್ಕೆ ಬನ್ನಿ. 50ಕ್ಕೆ ಒಬ್ಬ ಅಂದರೆ ಗೌಂಡಿಗಳದು 18, ಸೆಂಟ್ರಿಂಗ್ 7, ನಿಮ್ಮದು 2, ಟೈಲ್ಸ್ 2, ಪ್ಲಂಬಿಂಗ್-ವೈರಿಂಗ್ 1. ಒಟ್ಟು 30ರಲ್ಲಿ 18 ಅವರದೇ. ಉಳಿದ ನಾಲ್ಕು ಸಂಘ ಒಂದಾದರೂ ಏನೂ ಮಾಡಲಾಗದು. ಹಾಗಂತ ಸಂಘಕ್ಕೆ ಇಬ್ಬರಂತೆ ಸಮ ಮಾಡಿ ಅಂದರೆ 900 ಮಂದಿಯವರು ಯಾಕೆ ಒಪ್ಪುತ್ತಾರೆ? ನಾನಾದರೂ ಒಪ್ಪುತ್ತಿರಲಿಲ್ಲ.

ನಡುವಿನ ದಾರಿ ಇದೆ. ಪ್ರತಿ ಸಂಘಕ್ಕೆ ಸಮವಾಗಿ ಎರಡು ಸ್ಥಾನ, ಅದರ ಮೇಲೆ ಪೂರ್ತಿ 100 ಮೆಂಬರಿಗೆ ಒಂದು, ಆದರೆ ಯಾವ ಸಂಘಕ್ಕೂ 8ರ ಮೇಲೆ ಇಲ್ಲ. ಆಗ ಗೌಂಡಿ 8, ಸೆಂಟ್ರಿಂಗ್ 5, ನೀವು 3, ಟೈಲ್ಸ್ 3, ಪ್ಲಂಬಿಂಗ್-ವೈರಿಂಗ್ 2. ಒಟ್ಟು 21. ಗೌಂಡಿಗಳೇ ಎಲ್ಲರಿಗಿಂತ ದೊಡ್ಡವರು, ಆದರೆ ಒಬ್ಬರೇ ಏನನ್ನೂ ಪಾಸು ಮಾಡಲಾರರು, ಇನ್ನೊಬ್ಬರನ್ನು ಒಪ್ಪಿಸಲೇಬೇಕು. ಮುಷ್ಕರ, ವರ್ಗಣಿ ಏರಿಸುವುದು, ನಿಯಮಾವಳಿ ಬದಲಿಸುವುದು, ಈ ಮೂರಕ್ಕೆ ಮಾತ್ರ ಪ್ರತಿನಿಧಿಗಳ ಬಹುಮತದ ಜೊತೆ ಐದರಲ್ಲಿ ಮೂರು ಸಂಘಗಳ ಒಪ್ಪಿಗೆಯೂ ಬೇಕು ಅಂತ ಹಾಕಿಸಿ. ಚಹಾ ಬಿಸ್ಕೀಟಿಗೆಲ್ಲ ಹೀಗೆ ಮತ ಹಾಕುತ್ತಾ ಕೂತರೆ ಸಭೆಯೇ ಮುಗಿಯುವುದಿಲ್ಲ.

ಮತ್ತೆ ಒಂದು ಗುಟ್ಟು ಹೇಳುತ್ತೇನೆ. ಸ್ಥಾನದ ಲೆಕ್ಕ ಬಾಯಲ್ಲಿ ಹೇಳಿದ ಮೆಂಬರಿನ ಮೇಲೆ ಬೇಡ, ಒಕ್ಕೂಟಕ್ಕೆ ಯಾರ ತಲೆಯ ರೊಕ್ಕ ಕಟ್ಟಿದ್ದೀರೋ ಆ ತಲೆಯ ಮೇಲೆ ಇರಲಿ. ತಲೆಗೆ ತಿಂಗಳಿಗೆ 2 ರೂಪಾಯಿ ಅಂದುಕೊಳ್ಳಿ. ಕುರ್ಚಿ ಕೇಳುವಾಗ 900 ಅನ್ನುವವರು 1,800 ರೂಪಾಯಿ ತರಬೇಕು. ತರದಿದ್ದರೆ ಕುರ್ಚಿ ಕಡಿಮೆ. ಯಾರೂ ಸುಳ್ಳು ಹೇಳುವುದಿಲ್ಲ ಆಗ, ನೋಡಿ ಬೇಕಾದರೆ.

ಗದಗಿನ ಮೇಸ್ತ್ರಿ

ಕಾಕಾ, 2 ರೂಪಾಯಿಗೆ ಏನು ಬರುತ್ತದೆ? ಐದೂ ಸಂಘ ಸೇರಿ 1,590 ಮಂದಿ, ತಿಂಗಳಿಗೆ 3,180. ಹುಬ್ಬಳ್ಳಿಯಲ್ಲಿ ಒಂದು ಖೋಲಿ ಬಾಡಿಗೆಗೂ ಸಾಲದು.

ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ಖೋಲಿ ಯಾಕೆ? ಮೊದಲ ವರ್ಷ ಒಂದು ಟ್ರಂಕು ಸಾಕು. ಠರಾವು ಪುಸ್ತಕ, ಪಾವತಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ರಬ್ಬರ್ ಸ್ಟ್ಯಾಂಪ್. ಆಫೀಸು ಮಾಡಿದ ದಿನವೇ ಅದರ ಕೀಲಿಗಾಗಿ ಜಗಳ ಶುರು ಆಗುತ್ತದೆ. ನಿಮ್ಮ ಪೆಂಡಾಲಿಗೆ ಎಷ್ಟು ಖರ್ಚಾಗಿತ್ತು?

ಗದಗಿನ ಮೇಸ್ತ್ರಿ

ಅದನ್ನು ಕೇಳಬೇಡಿ ಕಾಕಾ.

ಬುಟ್ಟಿ ಹೊರುವವಳು

ನಾನು ಬಹಳ ಹೊತ್ತಿನಿಂದ ಓದುತ್ತಾ ಇದ್ದೇನೆ. ನನ್ನ ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

ಗೌಂಡಿ, ಸೆಂಟ್ರಿಂಗ್, ಬಣ್ಣ, ಟೈಲ್ಸ್, ಪೈಪು-ವೈರು. ಐದು ಕಸುಬು ಅಂದಿರಿ. ಕಾಂಕ್ರೀಟ್ ಹಾಕುವ ದಿನ ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತದಲ್ಲ, ಆ ಕೈ ಯಾವ ಕಸುಬಿನದು? ಉಸುಕು ಸಾಣಿಸುವವರು, ಇಟ್ಟಿಗೆ ಮೇಲಕ್ಕೆ ಸಾಗಿಸುವವರು, ಸಿಮೆಂಟಿಗೆ ನೀರು ಹೊಡೆಯುವವರು, ಇವರೆಲ್ಲ ಹೆಚ್ಚಾಗಿ ಹೆಣ್ಣುಮಕ್ಕಳೇ. ಗೌಂಡಿಗಳ ಸಂಘದ ಆ 900ರಲ್ಲಿ ನಾವೂ ಇದ್ದೇವೆ, ನಾನೂ ಇದ್ದೇನೆ. ಪಾವತಿ ಹರಿಯುವಾಗ ನಾವು ಮೆಂಬರು, ಕುರ್ಚಿ ಹಾಕುವಾಗ ಹೆಲ್ಪರು. ಆ ಸಂಘದ ಕಮಿಟಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ಅವರು 8 ಮಂದಿಯನ್ನು ಕಳಿಸಿದರೆ ಎಂಟೂ ಗಂಡಸರೇ.

ಒಕ್ಕೂಟದ ಪಗಾರ ಪಟ್ಟಿ ಮಾಡುತ್ತೀರಲ್ಲ, ಗೌಂಡಿಗೆ ಇಷ್ಟು, ಪೇಂಟರ್‌ಗೆ ಇಷ್ಟು ಅಂತ, ಅದರಲ್ಲಿ ಹೆಣ್ಣಾಳಿಗೆ ಎಷ್ಟು ಅಂತ ಯಾರು ಬರೆಯುತ್ತಾರೆ? ಗೌಂಡಿಯ ಪಗಾರ 50 ಏರಿದರೆ ನಮ್ಮದು 10 ಏರುತ್ತದೆ, ಅದೂ ಮೇಸ್ತ್ರಿಗೆ ಮನಸ್ಸು ಬಂದರೆ. ಹಡೆದ ಮೇಲೆ ಎಷ್ಟು ದಿನಕ್ಕೆ ಕೆಲಸಕ್ಕೆ ಬಂದೆ ಅಂತ ಕೇಳಿದರೆ ನೀವು ನಂಬುವುದಿಲ್ಲ.

ಅಣ್ಣಾರೇ, ಲೆಕ್ಕ ಬಹಳ ಚೆಂದ ಮಾಡಿದ್ದೀರಿ. ಅದರಲ್ಲಿ ನಮ್ಮನ್ನು ಎಲ್ಲಿ ಕೂರಿಸುತ್ತೀರಿ ಹೇಳಿ.

ಸೇಫ್ಟಿ ಹೆಲ್ಮೆಟ್

ಅಕ್ಕಾ, ನೀವು ಹೇಳಿದ್ದು ನನ್ನ ತಲೆಗೆ ಬರಲೇ ಇಲ್ಲ, ನಾಚಿಕೆ ಆಗುತ್ತದೆ. ಇಲ್ಲಿ ಹೊರುವ, ಅಗೆಯುವ, ಕಾಂಕ್ರೀಟ್ ಸುರಿಯುವ ಲೇಬರ್‌ಗಳಿಗೆ ಅವರದೇ ಯೂನಿಯನ್ ಇದೆ, 14ರಲ್ಲಿ ಅದೂ ಒಂದು, ಸಣ್ಣದೇನಲ್ಲ. ಯಾರದೋ ಹೆಲ್ಪರ್ ಅಂತ ಅವರನ್ನು ಬೇರೆ ಕಸುಬಿನ ಕೆಳಗೆ ಹಾಕಿಲ್ಲ.

ನಮ್ಮಲ್ಲೂ ಒಂದು ದಾರಿ ತೋರಿಸಿದ್ದಾರೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಕಲ್ಯಾಣ ಮಂಡಳಿ ಹೇಗಿರಬೇಕು ಅಂತ ಬರೆದಾಗ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರಿಗೂ ಸಮ ಸಂಖ್ಯೆ, ಮತ್ತು ಮಂಡಳಿಯಲ್ಲಿ ಕನಿಷ್ಠ ಒಬ್ಬ ಹೆಣ್ಣುಮಗಳು ಇರಲೇಬೇಕು ಅಂತ ಹಾಕಿದರು. ಒಬ್ಬರು ಅಂದರೆ ಕಡಿಮೆ, ಆದರೆ ಕಾಗದದ ಮೇಲೆ ಇದೆ. ನಿಮ್ಮ ಕರಡಿನಲ್ಲಿ ಅದೂ ಇಲ್ಲ.

ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ತಂಗೀ, ತಪ್ಪಾಯಿತು. ನನ್ನ ಲೆಕ್ಕ ತಿದ್ದಬೇಕು. ಎರಡು ದಾರಿ ಇವೆ. ಒಂದು, ಯಾವ ಸಂಘ ಮೂರು ಅಥವಾ ಹೆಚ್ಚು ಪ್ರತಿನಿಧಿ ಕಳಿಸುತ್ತದೋ ಅದರಲ್ಲಿ ಮೂರರಲ್ಲಿ ಒಬ್ಬರು ಹೆಣ್ಣುಮಕ್ಕಳು ಇರಬೇಕು ಅಂತ ಹಾಕುವುದು. ಎರಡು, ನೀವೇ ಬೇರೆ ಸಂಘ ಕಟ್ಟಿ ಆರನೆಯವರಾಗಿ ಬರುವುದು. ನೋಂದಣಿ ಅರ್ಜಿಗೆ ಏಳು ಮಂದಿ ಸಹಿ ಸಾಕು, ಆದರೆ ಮೆಂಬರು 100 ಮಂದಿ ತೋರಿಸಬೇಕು. ನಿಮ್ಮ ಕಡೆ 100 ಮಂದಿಗೆ ಕೊರತೆ ಇಲ್ಲ ಅಂದುಕೊಂಡಿದ್ದೇನೆ. ಎರಡನೆಯದು ಮಾಡಿದರೆ ಗೌಂಡಿಗಳ 900 ಸ್ವಲ್ಪ ಕರಗುತ್ತದೆ, ಅದಕ್ಕೆ ಅವರು ಮೊದಲನೆಯದಕ್ಕೆ ಬೇಗ ಒಪ್ಪುತ್ತಾರೆ. ತಿಳಿಯಿತಲ್ಲ?

ಬುಟ್ಟಿ ಹೊರುವವಳು

ತಿಳಿಯಿತು ಕಾಕಾ. ಮಗಳು ನಗುತ್ತಿದ್ದಾಳೆ.

ರಾಣೆಬೆನ್ನೂರು ವೈರಿಂಗ್

ಹಾವೇರಿ ಜಿಲ್ಲೆಯಿಂದ ಒಂದು ಮಾತು. 'ಆಮೇಲೆ ಗದಗ, ಹಾವೇರಿ ಸೇರಿಸೋಣ' ಅಂತ ಸುಲಭವಾಗಿ ಬರೆದಿದ್ದೀರಿ. 1997ರ ತನಕ ನಾವೆಲ್ಲ ಒಂದೇ ಧಾರವಾಡ ಜಿಲ್ಲೆ, ನಿಜ. ಆಗಲೂ ನಮ್ಮ ಕೆಲಸಕ್ಕೆ ಧಾರವಾಡಕ್ಕೆ ಹೋಗಿ ಬಂದರೆ ಒಂದು ದಿನ ಹಾಳು, ಈಗಲೂ ಅಷ್ಟೇ. ಪ್ರತಿನಿಧಿ ಅಂತ ಒಬ್ಬನನ್ನು ಹುಬ್ಬಳ್ಳಿಗೆ ಕಳಿಸಿದರೆ ಅವನ ಒಂದು ಹಾಜರಿ ಹೋಯಿತು, ಬಸ್ಸಿನ ರೊಕ್ಕ ಬೇರೆ. ಇದನ್ನು ಯಾರು ಕೊಡುತ್ತಾರೆ? ಕೊಡದಿದ್ದರೆ ಎರಡು ಸಭೆ ಬರುತ್ತಾನೆ, ಮೂರನೆಯದಕ್ಕೆ ಬರುವುದಿಲ್ಲ. ಆಮೇಲೆ ಸಭೆಗೆ ಬರುವವರು ಯಾರು ಅಂದರೆ ಹಾಜರಿ ಚಿಂತೆ ಇಲ್ಲದವರು. ಅಂದರೆ ಕಸುಬು ಬಿಟ್ಟು ಗುತ್ತಿಗೆ ಹಿಡಿದವರು. ಸಂಘ ಗುತ್ತಿಗೆದಾರರ ಕೈಗೆ ಹೋಗುವುದು ಹೀಗೇ, ಯಾರೂ ಕಸಿದುಕೊಳ್ಳುವುದಿಲ್ಲ.

ಕಾನೂನೇ ಹೇಳುತ್ತದೆ, ನಮ್ಮಂಥ ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳಲ್ಲಿ ಕನಿಷ್ಠ ಅರ್ಧ ಮಂದಿ ನಿಜವಾಗಿ ಆ ಕೆಲಸದಲ್ಲಿ ಇರುವವರು ಆಗಿರಬೇಕು. ಉಳಿದರ್ಧ ವಕೀಲರೋ ಹೊರಗಿನವರೋ ಆಗಬಹುದು. ಒಕ್ಕೂಟಕ್ಕೆ ನಾವು ಇದನ್ನು ಇನ್ನೂ ಬಿಗಿ ಮಾಡಬಹುದು. ಕೈಕೆಳಗೆ ಹತ್ತು ಮಂದಿಗಿಂತ ಜಾಸ್ತಿ ಇಟ್ಟು ಬಟವಾಡೆ ಮಾಡುವವರು ಪದಾಧಿಕಾರಿ ಆಗಬಾರದು ಅಂತ. ಗದಗಿನ ಮೇಸ್ತ್ರಿಯವರು ಸಿಟ್ಟಾಗಬಾರದು.

ಗದಗಿನ ಮೇಸ್ತ್ರಿ

ಸಿಟ್ಟು ಯಾಕೆ? ನನ್ನ ಕೈಕೆಳಗೆ ಆರೇ ಮಂದಿ. ಆದರೆ ನೀವು ಹೇಳಿದ್ದು ಸರಿ, ಶನಿವಾರ ಬಟವಾಡೆ ಮಾಡುವವನು ನಾನು, ಅದೇ ಭಾನುವಾರ ಪಗಾರ ಏರಿಸಿ ಅಂತ ಭಾಷಣ ಮಾಡಿದರೆ ನನ್ನ ಹುಡುಗರೇ ನಗುತ್ತಾರೆ.

ಅಮಾವಾಸ್ಯೆಗೆ ಸಭೆ ಇಟ್ಟಿದ್ದು ಒಳ್ಳೆಯದು. ಆ ದಿನ ಹೇಗೂ ನಮ್ಮ ಕಡೆ ಕೆಲಸ ಮುಟ್ಟುವುದಿಲ್ಲ, ಯಾರ ಹಾಜರಿಯೂ ಹೋಗುವುದಿಲ್ಲ. ವರ್ಷಕ್ಕೆ ಹನ್ನೆರಡು ಸಭೆ ಆಯಿತು. ಬಸ್ ಚಾರ್ಜ್ ಮಾತ್ರ ಒಕ್ಕೂಟದಿಂದ ಕೊಡಿ. ಸ್ಥಳ ಒಂದೇ ಊರಿನಲ್ಲಿ ಬೇಡ, ಒಂದು ಸಲ ಹುಬ್ಬಳ್ಳಿ, ಒಂದು ಸಲ ಧಾರವಾಡ. ಬೇರೆ ಪಾಲಿಕೆ ಬೇಕು ಅಂತ ಹೋರಾಡಿದ ಜನ ಧಾರವಾಡದವರು, ಎಲ್ಲ ಸಭೆ ಹುಬ್ಬಳ್ಳಿಯಲ್ಲೇ ಅಂದರೆ ಬೇರೆ ಒಕ್ಕೂಟವನ್ನೂ ಕೇಳುತ್ತಾರೆ.

ಸೇಫ್ಟಿ ಹೆಲ್ಮೆಟ್

ಧಾರವಾಡದವರ ಬಗ್ಗೆ ಅಷ್ಟು ಖರೆ ಹೇಳಬಾರದು.

ಒಂದು ವಿಷಯ ಯಾರೂ ಎತ್ತಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಕುಸಿದು 19 ಜನ ಸತ್ತರು. ನಮ್ಮ ಮನೆಯಿಂದ ದೂರ ಏನಲ್ಲ. ಆಗ ನಾನು ರಜೆಗೆ ಬಂದಿದ್ದೆ, ಮಣ್ಣು ತೆಗೆಯುವುದನ್ನು ದಿನಗಟ್ಟಲೆ ನಿಂತು ನೋಡಿದವರಲ್ಲಿ ನಾನೂ ಒಬ್ಬ. ಯಾವುದೇ ಸೈಟಿನಲ್ಲಿ ಒಂದು ಕಸುಬಿನವರ ಎಡವಟ್ಟು ಮೊದಲು ಕಾಣುವುದು ಇನ್ನೊಂದು ಕಸುಬಿನವರಿಗೆ. ಕಂಬದಲ್ಲಿ ಬಿರುಕು ಬಂದರೆ ಪೇಂಟರ್‌ಗೆ ಕಾಣುತ್ತದೆ, ಸಪೋರ್ಟ್ ಬೇಗ ಬಿಚ್ಚಿದರೆ ಕೆಳಗಿನ ಟೈಲ್ಸ್‌ನವನಿಗೆ ಗೊತ್ತಾಗುತ್ತದೆ. ಆದರೆ ಅವನು ಯಾರಿಗೆ ಹೇಳಬೇಕು? ಹೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ. ಹೇಳಿದ್ದು ಒಬ್ಬ ಪೇಂಟರ್ ಅಲ್ಲ, ಒಕ್ಕೂಟ ಅಂತ ಆದರೆ ಬೇರೆ. ಪಗಾರ ಒಂದೇ ಕಾರಣಕ್ಕೆ ಒಕ್ಕೂಟ ಮಾಡಬೇಡಿ. ಪ್ರತಿ ಕಸುಬಿನಿಂದ ಒಬ್ಬರಂತೆ ಐದು ಮಂದಿಯ ಸುರಕ್ಷತಾ ಕಮಿಟಿ ಮೊದಲ ದಿನವೇ ಮಾಡಿ, ಅದಕ್ಕೆ ರೊಕ್ಕವೂ ಬೇಕಿಲ್ಲ.

ಬುಟ್ಟಿ ಹೊರುವವಳು

ಆರು ಮಂದಿ.

ಬಣ್ಣದ ಬಕೆಟ್, ಹುಬ್ಬಳ್ಳಿ

ಎಲ್ಲರಿಗೂ ಶರಣು. ನಾಲ್ಕು ದಿನದಲ್ಲಿ ಇಷ್ಟು ಕಲಿಯುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ಸಂಜೆ ಗೌಂಡಿಗಳ ಸಂಘದ ಹಿರಿಯರ ಹತ್ತಿರ ಹೋಗಿದ್ದೆ, ಒಬ್ಬನೇ ಅಲ್ಲ, ಟೈಲ್ಸ್‌ನವರ ಕಾರ್ಯದರ್ಶಿಯನ್ನೂ ಕರೆದುಕೊಂಡು. ಕಲಂ 9 ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ಇದನ್ನು ನಮ್ಮ ಹಳೇ ನಿಯಮಾವಳಿಯಿಂದಲೇ ತೆಗೆದಿದ್ದು, ಯಾರೂ ಸರಿಯಾಗಿ ನೋಡಲಿಲ್ಲ' ಅಂದರು. ಕಾಕಾ ಹೇಳಿದ ಹಾಗೆಯೇ ಆಯಿತು. ಪಾವತಿ ಆಯಾ ಸಂಘದ್ದೇ ಇರಲಿ, ಒಕ್ಕೂಟಕ್ಕೆ ತಲೆಗೆ 2 ರೂಪಾಯಿಯಂತೆ ಸಂಘವೇ ಕಟ್ಟಲಿ ಅನ್ನುವುದಕ್ಕೆ ಅವರು ಅಲ್ಲೇ ಒಪ್ಪಿದರು. 'ಘಟಕ' ಇರುವ ಕಡೆಯೆಲ್ಲ 'ಸದಸ್ಯ ಸಂಘ' ಅಂತ ಪೆನ್ನಿನಲ್ಲಿ ತಿದ್ದಿದ್ದೇವೆ, 23 ಕಡೆ.

ಸ್ಥಾನದ ಲೆಕ್ಕಕ್ಕೆ ಮಾತ್ರ ಒಪ್ಪಲಿಲ್ಲ. 8 ಬಹಳ ಕಡಿಮೆ, 10 ಆದರೂ ಬೇಕು ಅನ್ನುತ್ತಾರೆ. 10 ಆದರೆ ಒಟ್ಟು 23, ಆಗಲೂ ಅವರಿಗೆ ಒಂಟಿ ಬಹುಮತ ಇಲ್ಲ, ಹಾಗಾಗಿ ನಾನು ಜಾಸ್ತಿ ಹಟ ಮಾಡಲಿಲ್ಲ. ಕಟ್ಟಿದ ತಲೆಯ ಮೇಲೆ ಕುರ್ಚಿ ಅಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ '900 ಅಂದರೆ ಎಲ್ಲರೂ ವರ್ಗಣಿ ಕಟ್ಟಿದವರು ಅಂತಲ್ಲ' ಅಂದರು. ಟೈಲ್ಸ್‌ನವರು ನನ್ನ ಕಾಲು ತುಳಿದರು.

ಅಕ್ಕಾ, ಹೆಣ್ಣುಮಕ್ಕಳ ಸ್ಥಾನದ ಮಾತು ಎತ್ತಿದೆ. 'ಅದನ್ನು ಸಭೆಯಲ್ಲಿ ನೋಡೋಣ' ಅಂದರು. ಆ ಮಾತಿನ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. ಮೆಂಬರು ಅಂದಮೇಲೆ ಸಭೆಗೆ ಬರುವ ಹಕ್ಕು ನಿಮಗೆ ಇದೆ. ಪಾವತಿ ತೆಗೆದುಕೊಂಡು ಬನ್ನಿ. ಕೆಲಸ ನಿಲ್ಲಿಸುವ ಮುಂಚೆ ಏಳು ದಿನ ಮೊದಲು ಉಳಿದ ಸಂಘಗಳಿಗೆ ಕಾಗದದಲ್ಲಿ ತಿಳಿಸಬೇಕು ಅನ್ನುವ ಗದಗಿನವರ ವಿಷಯವನ್ನು ನಾನು ಠರಾವಿಗೆ ಇಡುತ್ತೇನೆ.

ಕಾಕಾ, ಒಂದು ಉಳಿಯಿತು. ಬ್ಯಾಂಕಿನಲ್ಲಿ ಎರಡು ಸಹಿ ಅಂದರೆ ಅಧ್ಯಕ್ಷ ಮತ್ತು ಖಜಾಂಚಿ ಸಾಕಾ? ಇಬ್ಬರೂ ಒಂದೇ ಸಂಘದವರಾದರೆ?

ನಿವೃತ್ತ ಫಿಟ್ಟರ್, ಹುಬ್ಬಳ್ಳಿ

ಇಬ್ಬರೂ ಬೇರೆ ಬೇರೆ ಸಂಘದವರೇ ಇರಬೇಕು ಅಂತ ಬರೆಸಿ. ಪದಾಧಿಕಾರಿಗಳ ಅವಧಿ ಮೂರು ವರ್ಷದ ಮೇಲೆ ಹೋಗಬಾರದು, ಅದನ್ನೂ ಸೇರಿಸಿ. ಸಭೆ ಎಷ್ಟು ಗಂಟೆಗೆ?

ಬಣ್ಣದ ಬಕೆಟ್, ಹುಬ್ಬಳ್ಳಿ

ಹನ್ನೊಂದಕ್ಕೆ. ಅಂದರೆ ಹನ್ನೆರಡೂವರೆಗೆ.

ಬುಟ್ಟಿ ಹೊರುವವಳು

ನಾವು ಹನ್ನೊಂದಕ್ಕೇ ಬರುತ್ತೇವೆ. ಹದಿನಾಲ್ಕು ಮಂದಿ.